ಅಣ್ಣ ನೋಡಿದ ಪುಟಗಳು

ನಾಲ್ಕನೆಯ ಪುಟದ ಮೊದಲ ಸಾಲಿಗೆ ಕಣ್ಣು ತಾಗಿದ್ದೇ ತಡ, ಲೋಪೆತಿ ಮಾಸ್ತರು ಕೆಂಡ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡು ಹಾಳೆಯನ್ನು ಮಗುಚಿ ಹಾಕಿದರು.

ಚಾಪೆ ಹೆಣೆಯುತ್ತಿದ್ದ ಹೆಂಡತಿ ಓಫಾ ಕಿಸಕ್ಕನೆ ನಕ್ಕಳು. "ಏನ್ರೀ, ಪುಟದೊಳಗಿಂದ ತಿಮಿಂಗಿಲ ಬಾಯಿ ತೆಗೀತಾ?"

"ತಂಗಿ ಬರೆದದ್ದು ಕಣೇ. ಹೆರಿಗೆ, ರಕ್ತ, ಅದೂ ಇದೂ... ನಾನು ಓದೋದಾ ಇದನ್ನ?"

ಪೆಸಿಫಿಕ್ ಸಾಗರದ ಟೋಂಗಾ ದ್ವೀಪಗಳಲ್ಲಿ ಮೀಸೆ ಮೂಡಿದ ಅಣ್ಣ ತಂಗಿಯ ಜತೆ ಮೈಯ ಮಾತೆತ್ತಿದರೆ ಆಕಾಶವೇ ತೆಂಗಿನಕಾಯಿಯ ಹಾಗೆ ತಲೆ ಮೇಲೆ ಬೀಳುತ್ತದೆ. ಆದರೆ ತಂಗಿ ಕಲೊಲೈನೆ ಹೆರಿಗೆ ಮಾಡಿಸುವ ನರ್ಸು. ಡಾಕ್ಟರಿಲ್ಲದ ಸಣ್ಣ ದ್ವೀಪಗಳಲ್ಲಿ, ಹೆತ್ತ ಕೂಡಲೇ ಒಂದು ಮಾತ್ರೆ ನುಂಗಿಸಿದರೆ ಬಾಣಂತಿ ರಕ್ತ ಹೋಗಿ ಸಾಯುವುದು ತಪ್ಪುತ್ತದೆ ಎಂದು ಒಂಬತ್ತು ವರ್ಷ ಒಬ್ಬೊಬ್ಬ ಬಾಣಂತಿಯ ಲೆಕ್ಕವನ್ನೂ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟು, ಅದನ್ನೀಗ ಪ್ರಬಂಧ ಮಾಡಿದ್ದಳು. ಸಿಡ್ನಿಯ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದರೆ ದ್ವೀಪದ್ವೀಪಕ್ಕೂ ಆ ಮಾತ್ರೆ ಹೋಗುವುದಿತ್ತು. ತಪ್ಪು ಹುಡುಕಲು ಇಡೀ ಸಮುದ್ರ ಜಾಲಾಡಿದರೂ ಲೋಪೆತಿ ಮಾಸ್ತರಂಥ ಕಣ್ಣಿಲ್ಲ. ಅವರ ಕೆಂಪು ಪೆನ್ನು ಕಂಡರೆ ಮೀನುಗಳೂ ಸಾಲು ನೆಟ್ಟಗೆ ಮಾಡಿಕೊಂಡು ಈಜುತ್ತಿದ್ದವು! ಅದಕ್ಕೇ ಅವಳು ನಾಚುತ್ತ ನಾಚುತ್ತ ಬೇಲಿಯಾಚೆಯಿಂದ ಓಫಾಳ ಕೈಗೆ ಹಾಳೆಗಳ ಕಟ್ಟು ಕೊಟ್ಟು ಹೇಳಿದ್ದಳು: "ಅಣ್ಣ ಅಕ್ಷರ, ಅಂಕಿ ನೋಡಿದ್ರೆ ಸಾಕು ಅತ್ತಿಗೆ. ಅರ್ಥ ನೋಡೋದು ಬೇಡ ಅನ್ನಿ."

"ನಾಲ್ಕು ಮಕ್ಕಳ ಅಪ್ಪ, ಹೆರಿಗೆ ಅಂದ್ರೆ ಬೆವರ್ತೀರಲ್ಲ! ಕೊಡಿ, ನಾನೇ ಓದಿ ಹೇಳ್ತೀನಿ," ಎಂದಳು ಓಫಾ.

"ನೀನು ಓದಿದ್ರೂ ಮಾತು ಅವಳದೇ. ಬೇಡ."

"ಹಾಗಾದ್ರೆ ಆಗಲ್ಲ ಅಂತ ವಾಪಸ್ ಕೊಟ್ಬಿಡಿ."

"ತಂಗಿ ಬಾಯಿಬಿಟ್ಟು ಕೇಳಿದ್ದನ್ನ ಇಲ್ಲ ಅನ್ನೋಕಾಗುತ್ತೇನೆ?"

ಮಾಸ್ತರು ಮೊದಲ ಮೂರು ಪುಟ, ಕೊನೆಯಲ್ಲಿದ್ದ ಆಧಾರ ಪುಸ್ತಕಗಳ ಪಟ್ಟಿ ಎರಡನ್ನೂ ಹೇನು ಹೆಕ್ಕಿದ ಹಾಗೆ ಹೆಕ್ಕಿದರು. ನಡುವಿನ ಏಳು ಪುಟಗಳಿಗೆ ಮಾತ್ರ ಎಡಗೈ ಅಡ್ಡ ಇಟ್ಟು, ಒಂದಕ್ಷರ ನೋಡದೆ, ಪ್ರತಿಯೊಂದರ ಕೆಳಗೂ ಸರಿ ಎಂದು ಕೆಂಪು ಗುರುತು ಹಾಕಿದರು. ಅವಳು ಜಾಣೆ, ತಪ್ಪು ಎಲ್ಲಿರುತ್ತದೆ ಎಂದುಕೊಂಡರು. ಆ ಗುರುತು ಕಂಡ ಕಲೊಲೈನೆ ಇನ್ನೊಮ್ಮೆ ತಿರುವಿಯೂ ನೋಡದೆ ಕಳಿಸಿಬಿಟ್ಟಳು.

ಎರಡು ತಿಂಗಳಿಗೆ ಪ್ರಬಂಧ ಹಿಂದೆ ಬಂತು. ಆರನೆಯ ಪುಟದ ಅಂಕಿಗಳ ಪಟ್ಟಿಯಲ್ಲಿ ಮಾತ್ರೆ ನುಂಗಿದವರು, ನುಂಗದವರು ಎಂಬ ಎರಡು ತಲೆಬರಹ ಅದಲುಬದಲಾಗಿದ್ದವು. ನುಂಗಿದವರೇ ಸತ್ತರು ಎಂದು ಪಟ್ಟಿ ಸಾರುತ್ತಿತ್ತು. ತಮ್ಮ ಲೆಕ್ಕ ತಮಗೇ ತಿಳಿಯದವರ ಬರಹ ನಮಗೆ ಬೇಡ ಎಂದು ಪತ್ರಿಕೆಯವರು ಬರೆದಿದ್ದರು.

ಸುದ್ದಿ ಕೇಳಿದ ಮಾಸ್ತರು ಮೂರು ದಿನ ಕೆಂಪು ಪೆನ್ನು ಮುಟ್ಟಲಿಲ್ಲ. ಭಾನುವಾರ ಚರ್ಚು ಮುಗಿದದ್ದೇ ಓಫಾಳನ್ನು ತಂಗಿಯ ಮನೆಗೆ ಓಡಿಸಿದರು. "ನಾನು ಓದ್ಲೇ ಇಲ್ಲ, ಸುಳ್ಳು ಗುರುತು ಹಾಕ್ದೆ ಅಂತ ಹೇಳು. ತಿದ್ದಿ ಇನ್ನೊಂದು ಕಡೆ ಕಳಿಸ್ಲಿ."

ಓಫಾ ಬಾಳೆಯೆಲೆಯ ಪೊಟ್ಟಣ ಹಿಡಿದು ಮರಳಿದಳು. ಅವಳ ಮುಖದಲ್ಲಿ ಅಂದು ನಗುವಿರಲಿಲ್ಲ.

"ಹೇಳ್ದೆ. ನಂಬಲಿಲ್ಲ ರೀ. 'ನನ್ನ ತಪ್ಪನ್ನ ಅಣ್ಣ ತನ್ನ ತಲೆ ಮೇಲೆ ಹಾಕ್ಕೋತಿದಾನೆ, ಅಷ್ಟು ಒಳ್ಳೆಯವನು' ಅಂತ ಅತ್ತಳು. ನಿಮ್ಮ ಕಣ್ಣಿಗೇ ಬೀಳಲಿಲ್ಲ ಅಂದ್ರೆ ದೇವರಿಗೇ ಅದು ಅಚ್ಚಾಗೋದು ಬೇಡವಾಗಿತ್ತಂತೆ."

"ದೇವರಲ್ಲ ಕಣೇ, ನಾನು! ಹೋಗ್ಲಿ, ನೋಟ್‌ಬುಕ್‌ಗಳು ಇದಾವಲ್ಲ, ಅವನ್ನ ನೋಡ್ಕೊಂಡು ಮತ್ತೆ..."

ಓಫಾ ಪೊಟ್ಟಣವನ್ನು ಅವರ ಮುಂದಿಟ್ಟಳು.

"ಬೆಳಿಗ್ಗೆ ಭಾನುವಾರದ ಅಡುಗೆಗೆ ನೆಲದೊಲೆ ಹೊತ್ತಿಸಿದ್ದೇ ಆ ನೋಟ್‌ಬುಕ್‌ಗಳಿಂದ. ಬೆಂದದ್ದರಲ್ಲಿ ಮೊದಲ ಪಾಲು ಅಣ್ಣನಿಗೆ ಅಂತ ಕೊಟ್ಟಿದಾಳೆ."

ಮಾಸ್ತರು ಎಲೆ ಬಿಚ್ಚಿದರು. ಇನ್ನೂ ಆರದ ಹಬೆ ಎದ್ದು ಅವರ ಕನ್ನಡಕವನ್ನೆಲ್ಲ ಮುಚ್ಚಿತು.