ದೊಡ್ಡಪ್ಪನ ಬಾಗಿಲು

ನಮ್ಮೂರಿಗೆ ಕಾಲುವೆ ನೀರು ಬಂದ ಎರಡನೆಯ ವರ್ಷ, ಒಂದು ಸೋಮವಾರ ಮಧ್ಯಾಹ್ನ, ನೀರಿನ ಪಾಳಿಯ ಜಗಳದಲ್ಲಿ ದೊಡ್ಡಪ್ಪ ನನ್ನ ಅಪ್ಪನನ್ನು ತೂಬಿನ ಕಟ್ಟೆಯಿಂದ ಕೆಳಗೆ ದೂಡಿದ. ಅಪ್ಪ ಕಾಂಕ್ರೀಟಿನ ಮೇಲೆ ಬೆನ್ನು ಕೆಳಗಾಗಿ ಬಿದ್ದ. ಒದ್ದೆ ಸಿಮೆಂಟಿನ ವಾಸನೆ ಬಂದರೆ ನನಗೆ ಇಂದೂ ಆ ಸಪ್ಪಳ ಕೇಳುತ್ತದೆ.

“ಯವ್ವಾ, ನನ್ನ ಕಾಲು ಅದಾವೇನು?” ಎಂದು ಅಪ್ಪ ಚೀರಿದ. ಬುತ್ತಿ ಗಂಟು ಹಿಡಿದು ನಾನು ಅಜ್ಜಿಯ ಹಿಂದೆ ನಿಂತಿದ್ದೆ.

“ಎತ್ತಿ ಕೂಡಿಸ್ರೋ, ನೀರು ಕುಡಸ್ರಿ,” ಎನ್ನುತ್ತ ಜನ ಕೈ ಹಾಕಿದರು. ಅಜ್ಜಿ ಕುಡುಗೋಲು ಎತ್ತಿದಳು.

“ಮುಟ್ಟಿದ್ರ ಕೈ ಕಡಿತೀನಿ! ನಡಾ ಮುರದ ಎತ್ತಿಗೆ ಹಿಂಗ ಎಬ್ಬಿಸೇ ಕೊಂದೀರಿ, ಮರತ್ರೇನು?” ಆಮೇಲೆ ದೊಡ್ಡಪ್ಪನ ಕಡೆ ತಿರುಗಿದಳು. “ದೂಡಿದಾವ ನೀನ, ನಿಂತು ಏನ್ ನೋಡ್ತಿ? ನಿನ್ನ ಮನಿ ಬಾಗಲಾ ಕಿತ್ತು ತಾ.”

ದೊಡ್ಡಪ್ಪ ತಂದ. ಅಪ್ಪನನ್ನು ಆ ಬಾಗಿಲಿಗೆ ರುಮಾಲುಗಳಿಂದ ಬಿಗಿದು ಲಾರಿಯಲ್ಲಿ ಸೊಲ್ಲಾಪುರಕ್ಕೆ ಒಯ್ದರು. ಅಲ್ಲಿ ಬೆನ್ನು ಕೊಯ್ದು, ಮುರಿದ ಎಲುಬಿನ ಮೇಲೂ ಕೆಳಗೂ ಸ್ಕ್ರೂ ಬಿಗಿದು, ಎರಡು ರಾಡು ಹಾಕಿದರು. ಕೂಡಿಸಿ ತಂದಿದ್ದರೆ ಕಾಲು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು.

ಅಪ್ಪ ಈಗ ಕೋಲೂರಿ ನಡೆಯುತ್ತಾನೆ. ಬಾಗಿಲು ನಮ್ಮ ಮನೆಯ ಗೋಡೆಗೆ ಒರಗಿದೆ. ದೊಡ್ಡಪ್ಪ ಕೇಳಲು ಬಂದಿಲ್ಲ, ಅಪ್ಪ ಕಳಿಸಿಲ್ಲ.