ಜಗಲಿಯ ಮುಂದಿನ ಬೆಂಚು

"ಇದು ಎನ್‌ಕ್ರೋಚ್‌ಮೆಂಟ್!" ಎಂದು ಪಂಚಾಯ್ತಿಯ ಓವರ್‌ಸಿಯರ್ ಕೊಡೆಯ ತುದಿಯಿಂದ ಬೆಂಚನ್ನು ಕುಟ್ಟಿದರು. ಟೈಲರ್ ವಾಸಪ್ಪ ಹೊಲಿಗೆ ಮಿಷನ್ ತುಳಿಯುವುದನ್ನು ನಿಲ್ಲಿಸಿದ. ಪಕ್ಕದ ಚಾ ಅಂಗಡಿಯ ಬೆಂಚು ತನ್ನ ಜಗಲಿಯ ಮುಂದಕ್ಕೆ ಬಂದಿದೆಯೆಂದು ದೂರಿದವನು ಅವನೇ.

"ಹಂಗಂದ್ರೆ ಎಂತ ಸ್ವಾಮಿ?" ಚಾ ಅಂಗಡಿಯ ಕನ್ನಪ್ಪ ಕೈಯೊರೆಸಿಕೊಳ್ಳುತ್ತ ಹೊರಬಂದ.

"ಇನ್ನೊಬ್ಬರ ಜಾಗಕ್ಕೆ ಸದ್ದಿಲ್ದೆ ಇಷ್ಟಿಷ್ಟೇ ನುಗ್ಗೋದು. ಇವತ್ತು ಗೇಣು, ನಾಳೆ ಮೊಳ."

ಕನ್ನಪ್ಪ ಬೆಂಚನ್ನು ದರದರ ಎಳೆದುಕೊಂಡು ಹೋದ. ಅದರ ಮೇಲೆ ಕೂತಿದ್ದ ಜೋಗದ ಪವರ್‌ಹೌಸಿನ ಕೆಲಸಗಾರರೂ ಗ್ಲಾಸು ಹಿಡಿದುಕೊಂಡೇ ಹಿಂದೆ ಹೋದರು. ವಾಸಪ್ಪನ ಮುಂದೆ ಉಳಿದದ್ದು ಬೆಂಚಿನ ಕಾಲು ಕೊರೆದ ಗುಳಿಗಳು ಮಾತ್ರ. ಖಾಕಿ ಅಂಗಿ ಬಿಚ್ಚಿಕೊಟ್ಟು, ವಾಸಪ್ಪ ಗುಂಡಿ ಹೊಲಿದುಕೊಡುವ ತನಕ ಬನಿಯನ್ನಿನಲ್ಲೇ ಕೂತು ಹರಟುತ್ತಿದ್ದವರೆಲ್ಲ ಆ ಬೆಂಚಿನವರೇ. ಅವರ ಚಾದ ಜೊತೆ ತನಗೂ ಒಂದು ಗ್ಲಾಸು ಕೇಳದೆಯೇ ಬರುತ್ತಿತ್ತು. ಈಗ ಹೊಳೆಯ ಅಬ್ಬರ ಬಿಟ್ಟರೆ ಜಗಲಿಯಲ್ಲಿ ಮಾತೇ ಇಲ್ಲ.

ವಾಸಪ್ಪ ಎದ್ದು ಹೋಗಿ ಬೆಂಚಿನ ಒಂದು ತುದಿ ಹಿಡಿದ. "ಎತ್ತು ಮಾರಾಯ."

ಇಬ್ಬರೂ ಹೊತ್ತು ತಂದು, ಹಳೆಯ ಗುಳಿಗಳನ್ನೂ ದಾಟಿಸಿ, ಮಿಷನ್ನಿಗೆ ತಾಗುವಂತೆ ಇಟ್ಟರು.

"ಅಲ್ಲಯ್ಯಾ, ದೂರು ಕೊಟ್ಟಿದ್ದು ನೀನೇ ಅಲ್ವಾ?" ಎಂದರು ಓವರ್‌ಸಿಯರ್.

ಕನ್ನಪ್ಪ ತಿರುಗಿ ನೋಡಿದ. ವಾಸಪ್ಪನ ಕಿವಿ ಬಿಸಿಯಾಯಿತು. "ಹೌದು ಸ್ವಾಮಿ, ತಪ್ಪಾಯ್ತು. ಕೂತ್ಕಳಿ, ಚಾ ಕುಡೀರಿ."

ಕನ್ನಪ್ಪ ಒಳಗೆ ಹೋಗಿ ಎರಡು ಗ್ಲಾಸು ತಂದ. ಒಂದನ್ನು ಓವರ್‌ಸಿಯರಿಗೆ ಕೊಟ್ಟು, ಇನ್ನೊಂದನ್ನು ಎಂದಿನಂತೆ ಮಿಷನ್ನಿನ ಹಲಗೆಯ ಮೇಲಿಟ್ಟ. ವಾಸಪ್ಪ ಬಟ್ಟೆ, ಕತ್ತರಿ ಎಲ್ಲ ಸರಿಸಿ ಬೆಂಚಿಗೆ ಇನ್ನೊಂದು ಗೇಣು ಜಾಗ ಬಿಟ್ಟ.