ಸೊಸೆ ಒತ್ತಿದ ಅಪ್‌ಡೇಟ್

ಪ್ರಭುದೇವರು ಕೋಣೆಯ ಬಾಗಿಲು ತೆರೆದಾಗ ಅನಾಹುತ ಅರ್ಧ ಆಗಿಹೋಗಿತ್ತು. ಕಂಪ್ಯೂಟರಿನ ಪರದೆ ಪೂರ್ತಿ ನೀಲಿಯಾಗಿ, ನಡುವೆ ಬಿಳಿ ಚುಕ್ಕೆಗಳು ಗಿರಗಿರ ತಿರುಗುತ್ತಿದ್ದವು. ಪಕ್ಕದಲ್ಲಿ ಸೊಸೆ ತೇಜಶ್ರೀ ನಿಂತಿದ್ದಳು.

"ಅಪ್‌ಡೇಟ್ ಒತ್ತಿದಿ?"

"ಹೂಂರಿ ಮಾವಾರ. ಒಂದ ಸವನ ಕೇಳಾಕತ್ತಿತ್ತು. ಮಾಡದಿದ್ದರ ವೈರಸ್ ಹೊಕ್ಕು ಎಲ್ಲಾ ಖಲಾಸ್ ಆಗತೈತಿ."

"ಈಗ ಆತಲಾ ಖಲಾಸ್!"

ನಾಗಪುರದ ಕನ್ನಡ ಬಳಗದ ನಾಲ್ಕು ಪುಟದ ಮಾಸಪತ್ರಿಕೆ ಹೊರಡುತ್ತಿದ್ದುದು ಈ ಕಂಪ್ಯೂಟರಿನಿಂದ. ಹದಿನೆಂಟು ವರ್ಷದಿಂದ ಪ್ರಭುದೇವರೇ ಸಂಪಾದಕರು, ಅವರೇ ಟೈಪಿಸ್ಟ್, ಅಂಚೆಗೆ ಹಾಕುವವರೂ ಅವರೇ. ಕನ್ನಡದ ಫಾಂಟು ಮಾತ್ರ ಓಬೀರಾಯನ ಕಾಲದ್ದು. ಹನ್ನೆರಡು ವರ್ಷದ ಹಿಂದೆ ಒಮ್ಮೆ ಅಪ್‌ಡೇಟ್ ಆದಾಗ ಅದು ಕೆಟ್ಟು, 'ಕ' ಹೊಡೆದರೆ 'ಝ', 'ಮ' ಹೊಡೆದರೆ 'ಢೌ' ಬಿದ್ದಿತ್ತು. ದೂರದಿಂದ ನೋಡಿದರೆ ಅಚ್ಚ ಕನ್ನಡ, ಓದಹೊರಟರೆ ಒಂದು ಪದಕ್ಕೂ ಅರ್ಥವಿಲ್ಲ. ಆಗ ಓದುಗರು ಫೋನಿನ ಮೇಲೆ ಫೋನು ಮಾಡಿ ಬೆವರಿಳಿಸಿದ್ದರು.

ಅಂದಿನಿಂದ ಮನೆಯಲ್ಲಿ ಒಂದೇ ಕಾಯಿದೆ. ಅಪ್‌ಡೇಟ್ ಒತ್ತಬಾರದು, ಕೆಲಸ ಮುಗಿದೊಡನೆ ಪ್ಲಗ್ಗು ಕೀಳಬೇಕು, ಇಲ್ಲದಿದ್ದರೆ ರಾತ್ರೋರಾತ್ರಿ ಅದು ತಾನಾಗಿಯೇ ಅಪ್‌ಡೇಟ್ ಆದೀತು. ಪ್ರಭುದೇವರೇ ಅದನ್ನು ಮರೆತದ್ದು ಒಂದೇ ಸಲ, ಕಳೆದ ದೀಪಾವಳಿಗೆ ಉಮರೇಡಿನ ತಂಗಿಯ ಮನೆಗೆ ಹೊರಟ ಗಡಿಬಿಡಿಯಲ್ಲಿ. ನಾಲ್ಕು ದಿನ ಬಿಟ್ಟು ಬಂದು ನೋಡಿದರೆ, ಪಾಪ, ಕಂಪ್ಯೂಟರು ಗುಂಯ್ ಎನ್ನುತ್ತ ತನ್ನ ಪಾಡಿಗೆ ತಾನು ಕುಳಿತಿತ್ತು.

"ಇದು ಇನ್ನೂರ ಹನ್ನೆರಡು ಮನಿಗೆ ಹೋಗತೈತಿ, ಗೊತ್ತೈತೇನ್ ನಿನಗ?"

"ಅಷ್ಟೂ ಮನ್ಯಾಗ ಓದತಾರೇನ್ರಿ?" ತೇಜಶ್ರೀ ಮೆಲ್ಲಗೆ ಕೇಳಿದಳು. ಅವಳು ನಾಗಪುರದಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತವಳು. ಕನ್ನಡದ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ.

ಆ ಪ್ರಶ್ನೆ ಪ್ರಭುದೇವರಿಗೆ ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು.

"ಎಲ್ಲಾರೂ ನಿನ್ನಂಗ ನಿರಕ್ಷರಿ ಅಲ್ಲ! ಅಕ್ಷರ ಕೆಟ್ಟಾವ ಅಂತ ಒಂದ ಫೋನ್ ಬರಲಿ, ಪತ್ರಿಕಾ ಬಂದ್ ಮಾಡತೀನಿ. ಆ ಪಾಪ ನಿನ್ನ ತಲಿ ಮ್ಯಾಲೆ. ಇನ್ನ ಈ ಖೋಲಿಯಾಗ ಕಾಲಿಡಬ್ಯಾಡ."

ಎಂಜಿನಿಯರಿಂಗ್ ಓದಿದ ಹುಡುಗಿ ಆ 'ನಿರಕ್ಷರಿ'ಯನ್ನು ನುಂಗಿಕೊಂಡು ಹೊರಗೆ ಹೋದಳು. ಈ ಮನೆಯಲ್ಲಿ ಅತ್ತೆ ಇರಲಿಲ್ಲ. ಆ ಕೊರತೆಯನ್ನು ಮಾವನೇ ತುಂಬುತ್ತಿದ್ದರು.

ಅಂಕ ಅವತ್ತೇ ಅಚ್ಚಿಗೆ ಹೋಗಬೇಕಿತ್ತು. ಪ್ರಭುದೇವರ ಎರಡೂ ಕಣ್ಣಿಗೆ ಪೊರೆ ಬಂದು ವರ್ಷವಾಗುತ್ತ ಬಂದಿತ್ತು. ಪತ್ರಿಕೆಯ ಹೆಸರು ದಪ್ಪಗಿತ್ತು, ಅದೂ ಚಿತ್ರವಾಗಿ ಅಂಟಿಸಿದ್ದು, ಅದೊಂದು ಕಾಣುತ್ತಿತ್ತು. ಉಳಿದದ್ದೆಲ್ಲ ಮಂಜು. ಒಂದು ಅಂಕ ತಪ್ಪೀತೆಂದು ಆಪರೇಷನ್ ಮುಂದೂಡುತ್ತಲೇ ಇದ್ದರು. ಬೆರಳಿಗೆ ಕಣ್ಣು ಬೇಕಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಟೈಪು ಹೊಡೆದ ಕೈ ಅದು.

ಮಗ ಅಭಯನನ್ನು ಕರೆದು ಪುಟ ತೋರಿಸಿದರು. "ಅಕ್ಷರ ನೆಟ್ಟಗ ಅದಾವೇನ್ ನೋಡು."

ಅಭಯ ಮೊಬೈಲಿನಿಂದ ತಲೆಯೆತ್ತಿ ಇಣುಕಿದ. "ಬರೋಬರ್ ಅದಾವಪಾ. ಹೋದ ತಿಂಗಳ ಇದ್ದಂಗ ಅದಾವ."

ಅಂಕ ಹೋಯಿತು. ಪ್ರಭುದೇವರು ಫೋನನ್ನು ಎದುರಿಗಿಟ್ಟುಕೊಂಡು ಕುಳಿತರು. ಮೂರು ದಿನ ಊಟ ರುಚಿಸಲಿಲ್ಲ. ನಾಲ್ಕನೆಯ ದಿನ ಬಳಗದ ಅಧ್ಯಕ್ಷ ಸಿದ್ದೇಶನ ಫೋನು ಬಂತು. ಕಳಮನಾ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ ಅವನದು.

"ಅಣ್ಣಾರ, ಅಂಕ ಭಾಳ ಚಲೋ ಬಂದೈತ್ರಿ! ದೊಡ್ಡಯ್ಯ ಮಾಸ್ತರರ ಫೋಟೋ ನೋಡಿ ಕಣ್ಣಾಗ ನೀರ ಬಂತು. ಏನ್ ಬರದೀರಿ!"

ಬಳಗದ ಮಕ್ಕಳಿಗೆ ಭಾನುವಾರ ಕನ್ನಡ ಕಲಿಸುತ್ತಿದ್ದ ದೊಡ್ಡಯ್ಯ ಮಾಸ್ತರರು ಆ ತಿಂಗಳು ತೀರಿಕೊಂಡಿದ್ದರು. ಅವರ ಮೇಲೆ ಬರೆಯುವಾಗ ಪ್ರಭುದೇವರು ಎರಡು ಸಲ ಅತ್ತಿದ್ದರು.

"ಓದಾಕ ಏನೂ ತ್ರಾಸ ಆಗಲಿಲ್ಲಲಾ?"

"ತ್ರಾಸ? ಒಂದ ಉಸಿರಿಗೆ ಓದಿ ಮುಗಿಸಿದೆ!"

"ಹಂಗಾರ ಬಸವ ಜಯಂತಿ ಊಟಕ್ಕ ಯಾಕ ಬರಲಿಲ್ಲ? ಪತ್ರಿಕಾದಾಗ ಕರದಿದ್ದೆ."

"ಹೌದೇನ್ರಿ?" ಅಂದವನೇ ಸಿದ್ದೇಶ ಮಾತು ತಿರುಗಿಸಿದ. "ಮಾರ್ಕೆಟ್‌ನ್ಯಾಗ ಭಾಳ ಗದ್ದಲ ಇತ್ತರಿ."

ಆ ಊಟಕ್ಕೆ ಬಂದವರು ಒಂಬತ್ತೇ ಜನ. ನಾಗಪುರದ ಬಿಸಿಲಿಗೆ ಯಾರು ತಾನೇ ಬಂದಾರು ಎಂದು ಪ್ರಭುದೇವರು ಆಗಲೇ ಸಮಾಧಾನ ಮಾಡಿಕೊಂಡಿದ್ದರು.

ಫೋನು ಇಟ್ಟಾಗ ಹೋದ ಜೀವ ಬಂದಂತಾಗಿತ್ತು. ಅಕ್ಷರ ಉಳಿದಿದ್ದವು. ಆದರೆ ಸೊಸೆಗೆ ಆ ಮಾತು ಹೇಳಲು ನಾಲಿಗೆ ಏಳಲಿಲ್ಲ. ಅವಳು ಚಹಾದ ಕಪ್ಪನ್ನು ಹೊಸ್ತಿಲ ಮೇಲಿಟ್ಟು ಹೋಗುವುದು ನಡೆದೇ ಇತ್ತು.

ಆ ಧೈರ್ಯದ ಮೇಲೆ ಆಪರೇಷನ್ ಮಾಡಿಸಿಕೊಂಡರು. ಹೊಸ ಕನ್ನಡಕ ಕೈಗೆ ಬಂದ ದಿನ ಮೊದಲು ಬಿಚ್ಚಿದ್ದು ಅದೇ ಅಂಕವನ್ನು. ದೊಡ್ಡಯ್ಯ ಮಾಸ್ತರರು ಫೋಟೋದಲ್ಲಿ ನಗುತ್ತಿದ್ದರು. ಕೆಳಗೆ 'ಢೌಞಛ ಝೃಘೂ ಠಢೌ' ಎಂದಿತ್ತು. ಮುಂದಿನ ಸಾಲೂ ಹಾಗೇ. ನಾಲ್ಕೂ ಪುಟ ಹಾಗೇ.

ಪ್ರಭುದೇವರ ಮೈ ಉರಿದುಹೋಯಿತು. ಸಿದ್ದೇಶ ಒಳ್ಳೆಯವನು, ಮುದುಕ ನೊಂದುಕೊಂಡಾನೆಂದು ಸುಳ್ಳು ಹೇಳಿದ್ದಾನೆ. ಪಾಪಿ ಇವಳು, ಇವಳೇ.

"ತೇಜಶ್ರೀ! ಬಾ ಇಲ್ಲೆ! ನಿನ್ನ ಅಪ್‌ಡೇಟ್ ಏನ್ ಮಾಡೈತಿ ನೋಡು! ಮೊದಲ ಹ್ಯಾಂಗಿತ್ತು ತೋರಸತೀನಿ, ಬಾ!"

ಟ್ರಂಕು ತೆರೆದು, ಅವಳು ಅಪ್‌ಡೇಟ್ ಒತ್ತುವುದಕ್ಕೆ ಮುಂಚಿನ ತಿಂಗಳ ಅಂಕ ಎಳೆದರು. ಬಿಚ್ಚಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅದನ್ನು ಕೆಳಗಿಟ್ಟು ಅದರ ಹಿಂದಿನದನ್ನು ತೆಗೆದರು. ಬಸವ ಜಯಂತಿಯದನ್ನು ತೆಗೆದರು. ಸಂಕ್ರಾಂತಿಯದನ್ನು ತೆಗೆದರು. ತೇಜಶ್ರೀ ಹೊಸ್ತಿಲಾಚೆಯೇ ನಿಂತು ಕಾಯುತ್ತಿದ್ದಳು.

ಓದಲು ಬಂದ ಕೊನೆಯ ಅಂಕ ಕಳೆದ ದೀಪಾವಳಿಯದು.